ನಿಂತಲ್ಲಿ ಕೆಮ್ಮುವ ಎಂಜಿನ್

ಓಡುವಾಗ ಆ ದೋಣಿಯ ಎಂಜಿನ್‌ಗೆ ಯಾವ ರೋಗವೂ ಇರಲಿಲ್ಲ. ನದಿಯ ನಡುವೆ ಗುಡುಗುಡು ಎಂದು ಠೀವಿಯಿಂದ ಹೋಗುತ್ತಿತ್ತು. ಕಟ್ಟೆಯ ಹತ್ತಿರ ಬಂದು ನಿಧಾನ ಮಾಡಿದರೆ ಸಾಕು, ಕೆಮ್ಮಿ, ಮೈ ನಡುಗಿಸಿ, ಪಟ್ಟನೆ ನಿಂತುಬಿಡುತ್ತಿತ್ತು. ಮೊನ್ನೆ ಅದು ಹಾಗೆ ನಿಂತಾಗ ದೋಣಿ ಹೋಗಿ ಕಟ್ಟೆಯ ಕಂಬಕ್ಕೆ ಗುದ್ದಿತು. ಅಂದಿನಿಂದ ಅದನ್ನು ಕಟ್ಟಿಹಾಕಿದ್ದರು. ಆಚೆ ದಡಕ್ಕೆ ಹೋಗಬೇಕಾದವರೆಲ್ಲ ಬಂದು, ರಿಪೇರಿಗೆ ಕೂತ ಮೇಸ್ತ್ರಿಯ ಬೆನ್ನು ನೋಡಿ ಹಿಂತಿರುಗುತ್ತಿದ್ದರು.

ಬೆನ್ನಷ್ಟೇ ಕಾಣುತ್ತಿದ್ದದ್ದು, ಮುಖ ಎಂಜಿನ್ ಪೆಟ್ಟಿಗೆಯೊಳಗೆ. ಅವನ ಅಪ್ಪನ ಕಾಲದ ಎಂಜಿನ್ ಅದು, ಬಿಡಿಭಾಗ ಕೇಳಿದರೆ ಅಂಗಡಿಯವರು ನಗುತ್ತಾರೆ. ಪ್ಲಗ್ ಬದಲಿಸಿದ. ಕಾರ್ಬ್ಯುರೇಟರ್ ಬಿಚ್ಚಿ, ಪೆಟ್ರೋಲಿನಲ್ಲಿ ತೊಳೆದು, ಸಣ್ಣ ತೂತುಗಳನ್ನೆಲ್ಲ ಊದಿದ. ಟ್ಯಾಂಕಿನ ತಳದ ಗಸಿ ತೆಗೆದ. ಮತ್ತೆ ಚಾಲೂ ಮಾಡಿದರೆ ಅದೇ ಕೆಮ್ಮು. ಮಂಡಿ ಹಿಡಿದುಕೊಂಡಿತ್ತು, ಸೊಂಟ ಬಿದ್ದುಹೋಗಿತ್ತು. ಸಾಕಪ್ಪಾ ಸಾಕು ಅನ್ನಿಸಿತ್ತು. ಅದು ಬರೀ ಸೊಂಟದ ದೆಸೆಯಿಂದ ಬಂದ ಮಾತಲ್ಲ.

ದೋಣಿ ಸರಿಯಾದರೆ ಮೊದಲು ಹತ್ತುವವಳು ಅವನ ಹೆಂಡತಿ. ಗಂಟುಮೂಟೆ ಕಟ್ಟಿ ಬಾಗಿಲ ಹಿಂದೆ ಇಟ್ಟಿದ್ದಳು. ಆಚೆ ದಡದಲ್ಲಿ ತಂಗಿ ಒಬ್ಬಳೇ ಇದ್ದಾಳೆ, ಇನ್ನು ನಾನೂ ಅಲ್ಲೇ ಇರುತ್ತೇನೆ ಎಂದಿದ್ದಳು. ಜಗಳವಿಲ್ಲ, ಕಣ್ಣೀರಿಲ್ಲ. ಯಾಕೆ ಎಂದು ಇವನು ಕೇಳಿದ್ದಕ್ಕೆ ಮುಖ ತಿರುಗಿಸಿಕೊಂಡು ಏನೋ ಅಂದಳು. ಏನು ಅಂದಳೆಂದು ಅವನಿಗೆ ಗೊತ್ತಾಗಲಿಲ್ಲ.

ಗೊತ್ತಾಗುವುದಾದರೂ ಹೇಗೆ? ಅವನ ಕಿವಿ ಹೋಗಿತ್ತು. ಪೂರ್ತಿ ಅಲ್ಲ, ದಪ್ಪ ದನಿ ಕೇಳುತ್ತಿತ್ತು, ಎದುರಿಗಿದ್ದವರ ತುಟಿ ನೋಡಿ ಉಳಿದದ್ದನ್ನು ಹೊಂದಿಸಿಕೊಳ್ಳುತ್ತಿದ್ದ. ಸಣ್ಣ ಸದ್ದು, ಪಿಸುಮಾತು ಮಾತ್ರ ಎಲ್ಲೋ ಮಾಯ. ಇಷ್ಟು ವರ್ಷ ಆ ಎಂಜಿನ್ ಪೆಟ್ಟಿಗೆಯಲ್ಲಿ ತಲೆ ತೂರಿಸಿದ್ದಕ್ಕೆ ಸಿಕ್ಕ ಬಹುಮಾನ ಅದು. ಒಬ್ಬರಿಗೂ ಹೇಳಿರಲಿಲ್ಲ. ಕಿವಿ ಕೇಳದ ಎಂಜಿನ್ ಮೇಸ್ತ್ರಿಯನ್ನು ಯಾರು ಹತ್ತಿರ ಸೇರಿಸುತ್ತಾರೆ? ಹೆಂಡತಿಗೂ ಹೇಳಲಿಲ್ಲ ಮಹಾನುಭಾವ! ಗಂಡಸಿನ ಬಿಗುಮಾನ ಎಂಥ ದರಿದ್ರದ್ದು ನೋಡಿ, ಮನೆ ಮುಳುಗುತ್ತಿದ್ದರೂ ಬಾಯಿ ಬಿಡಗೊಡುವುದಿಲ್ಲ.

ದೋಣಿ ನಡೆಸುವವನಿಗೆ ಎಲ್ಲರೂ ಮೀಸೆ ಅನ್ನುತ್ತಿದ್ದರು. ಅವನು ಹಗ್ಗದ ಸುರುಳಿಯ ಮೇಲೆ ಕೂತು ಆಕಳಿಸಿದ. "ಏನ್ ಮೇಸ್ತ್ರಿ, ಅತ್ತಿಗೆ ಹೊರಟುಬಿಡ್ತಾರೆ ಅಂತ ಬೇಕಂತ್ಲೇ ಎಳೀತಿದೀಯಾ ಹೇಗೆ?"

"ಬಾಯ್ಮುಚ್ಚು," ಎಂದ ಮೇಸ್ತ್ರಿ. ಆ ಯೋಚನೆ ಅವನಿಗೂ ಬಂದಿತ್ತಲ್ಲ! ಒಂದು ಸ್ಕ್ರೂ ಸಡಿಲ ಬಿಟ್ಟರೆ ಅವಳು ಇನ್ನೊಂದು ದಿನ ಮನೆಯಲ್ಲಿರುತ್ತಾಳೆ. ಆದರೆ ಕೆಟ್ಟ ಎಂಜಿನ್ನನ್ನು ಬೇಕೆಂದೇ ಕೆಟ್ಟಂತೆ ಬಿಡಲು ಆ ಕೈ ಒಪ್ಪಲಿಲ್ಲ.

ಅಷ್ಟರಲ್ಲಿ ಅವಳೇ ಬಂದಳು, ಒಂದು ಕೈಯಲ್ಲಿ ಊಟದ ಡಬ್ಬಿ, ಇನ್ನೊಂದರಲ್ಲಿ ಹೊರಡಲು ಕಟ್ಟಿಟ್ಟಿದ್ದ ಬಟ್ಟೆಯ ಚೀಲ. ದೋಣಿ ಹತ್ತಿ, ಚೀಲವನ್ನು ಮೀಸೆಯ ಕೈಗೆ ಕೊಟ್ಟು, ಕೆಮ್ಮುತ್ತಿದ್ದ ಎಂಜಿನ್ ಕಡೆಗೆ ಬಗ್ಗಿದಳು. ಹುಬ್ಬು ಗಂಟಾಯಿತು.

"ಅದೇನ್ರೀ ಅದು, ಸುಯ್ ಅಂತಿರೋದು?"

"ಯಾವುದು?"

"ಗಾಳಿ ಹೋಗೋ ಹಾಗೆ ಸುಯ್ ಅಂತಿದೆಯಲ್ರೀ, ಅಲ್ಲಿ ಕೆಳಗೆ!"

ಮೇಸ್ತ್ರಿ ಗರಬಡಿದವನಂತೆ ನಿಂತ. ಇಂಥ ಕೆಮ್ಮಿಗೆ ಅವನು ಮೊಟ್ಟಮೊದಲು ನೋಡುವುದೇ ಗಾಳಿಯ ಸೋರಿಕೆ. ನೋಡುವುದೆಂದರೆ ಕಿವಿಗೊಟ್ಟು ಕೇಳುವುದು. ಅಪ್ಪ ಕಲಿಸಿದ್ದೇ ಹಾಗೆ. ಕೇಳಿದ್ದ. ಸದ್ದಿರಲಿಲ್ಲ. ಸೋರಿಕೆಯಿಲ್ಲ ಎಂದು ಅದನ್ನು ಬಿಟ್ಟು ಉಳಿದದ್ದನ್ನೆಲ್ಲ ಬಿಚ್ಚಿದ್ದ.

ಅವಳಿಗೆ ರೇಗಿತು. "ನನಗೇ ಕೇಳಿಸ್ತಿದೆ, ನಿಮಗೆ ಕೇಳಿಸಲ್ವಾ? ಮೀಸೆ ಅಂದಿದ್ದು ಬರ್ತಾ ನನ್ನ ಕಿವಿಗೂ ಬಿತ್ತು, ಅದು ನಿಜ ಹಾಗಾದ್ರೆ. ಇರು ಅಂತ ಒಂದು ಮಾತು ಬಾಯಲ್ಲಿ ಬರಲ್ಲ, ಇಲ್ಲಿ ಊರವರನ್ನೆಲ್ಲ ಕಾಯಿಸಿ ನಾಟಕ ಮಾಡ್ತಿದೀರಾ?"

ಕಳ್ಳ ಅನ್ನಿಸಿಕೊಳ್ಳಬೇಕು, ಇಲ್ಲವೇ ಕಿವುಡ ಅನ್ನಿಸಿಕೊಳ್ಳಬೇಕು. ಮೀಸೆ ಬೇರೆ ಪಕ್ಕದಲ್ಲೇ ಇದ್ದ. ಮೇಸ್ತ್ರಿಗೆ ಮುಚ್ಚಿಟ್ಟು ಮುಚ್ಚಿಟ್ಟು ಸುಸ್ತಾಗಿತ್ತು.

"ಕೇಳಿಸಲ್ಲ ಕಣೇ," ಎಂದ. "ನಿಜವಾಗ್ಲೂ ಕೇಳಿಸಲ್ಲ. ಬಹಳ ದಿನ ಆಯ್ತು."

ಮೀಸೆ ಆಕಳಿಸುವುದನ್ನು ನಿಲ್ಲಿಸಿದ. ಅವಳು ಗಂಡನ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಕೆಳಗಿನ ಕೊಳವೆಯತ್ತ ಕೈ ಚಾಚಿದಳು. "ಇಲ್ಲಿ. ಬೆರಳಿಟ್ರೆ ನಿಲ್ಲುತ್ತೆ."

ಗಾಳಿ ಎಳೆದುಕೊಳ್ಳುವ ಕೊಳವೆಯ ಅಡಿಭಾಗದಲ್ಲಿ, ಕಣ್ಣಿಗೆ ಕಾಣದ ಕಡೆ, ಕೂದಲೆಳೆಯಷ್ಟು ಬಿರುಕು. ಮೇಸ್ತ್ರಿ ಎಂಜಿನ್ ನಿಲ್ಲಿಸಿ, ಬಿರುಕಿಗೆ ಸೋಪು ಮೆತ್ತಿ, ಸೈಕಲ್ ಟ್ಯೂಬಿನ ಪಟ್ಟಿ ಸುತ್ತಿ, ತಂತಿ ಬಿಗಿದ. ಇವತ್ತಿನ ಮಟ್ಟಿಗೆ ಇದು ಸಾಕು. ಚಾಲೂ ಮಾಡಿದ. ಅಂಗೈಯನ್ನು ಎಂಜಿನ್ ಮೇಲಿಟ್ಟು ಅವಳ ಕಡೆ ನೋಡಿದ. ಸರಿಯಾಗಿದೆ ಎಂದು ಅವಳು ತಲೆಯಾಡಿಸಿದಳು.

ಸುದ್ದಿ ತಿಳಿದು ಜನ ಬಂದು ಹತ್ತತೊಡಗಿದರು. ಅವಳು ಅಲ್ಲೇ ನಿಂತಿದ್ದಳು. ಅವಳ ತುಟಿ ಅಲುಗಿತು.

"ಗಟ್ಟಿಯಾಗಿ ಹೇಳು," ಎಂದ ಮೇಸ್ತ್ರಿ.

"ನಾನು ಹೋದ್ರೆ ನಿಮಗೆ ಬೇಜಾರಾಗಲ್ವಾ ಅಂತ ಕೇಳಿದ್ದೆ!" ದೋಣಿಯವರೆಲ್ಲ ತಿರುಗಿ ನೋಡಿದರು. "ದೀಪ ಆರಿಸಿ ಮಲಗಿದ ಮೇಲೆ ಕೇಳ್ತಿದ್ದೆ. ಎಷ್ಟು ಸಲ ಕೇಳಿದೆ! ಯಾಕೆ ಹೋಗ್ತೀಯ ಅಂದಾಗಲೂ ಅದನ್ನೇ ಕೇಳಿದೆ. ಒಂದು ಸಲಾನೂ ನೀವು ಹ್ಞೂಂ ಅನ್ಲಿಲ್ಲ."

ಅವನು ಎಷ್ಟೋ ರಾತ್ರಿ ಪಕ್ಕದಲ್ಲೇ, ಬೆನ್ನು ಮಾಡಿ, ಹಾಯಾಗಿ ನಿದ್ದೆ ಹೋಗಿದ್ದನಲ್ಲ!

"ಆಗತ್ತೆ," ಎಂದ. ಕಿವಿ ಕೇಳದವನ ದನಿ, ಕಟ್ಟೆಯ ಆ ತುದಿಯವರೆಗೂ ಕೇಳಿತು. "ತುಂಬಾ ಬೇಜಾರಾಗತ್ತೆ."

ಜನ ನಗಲಿಲ್ಲ. ಮೀಸೆ ನೀರಿನ ಕಡೆ ನೋಡುತ್ತ ಕೂತಿದ್ದ. ಅವಳು ಮೀಸೆಯ ಬಳಿ ಹೋಗಿ ತನ್ನ ಚೀಲ ಇಸಿದುಕೊಂಡು, ದೋಣಿಯಿಂದ ಕಟ್ಟೆಗೆ ಇಳಿದಳು.