ಅಕ್ಕನ ಎಡಗಾಲಿನ ಹೆಬ್ಬೆರಳು

ಇವತ್ತು ಅಕ್ಕನ ಜೊತೆ ಹೊಲಿಗೆ ದಾರ ಕೊಳ್ಳಲು ಬೆಳಗಾವಿ ಪೇಟೆಗೆ ಹೋಗಿದ್ದೆ. ಮಿಠಾಯಿ ಅಂಗಡಿಯೊಂದರಿಂದ ಬಿಸಿ ಕುಂದಾದ ವಾಸನೆ ಮೂಗಿಗೆ ಬಡಿದದ್ದೇ ತಡ, ನಗು, ನಾಚಿಕೆ ಎರಡೂ ಒಟ್ಟಿಗೆ ಬಂದವು. ಆಗದೇ ಇದ್ದ ಸಂಗತಿಗೆ ಆಸ್ಪತ್ರೆ ತುಂಬ ಕುಂದಾ ಹಂಚಿದ ಮಹಾಶಯ ನಾನೇ ನೋಡಿ!

ನಮ್ಮೂರು ಬೀಡಿಯಲ್ಲಿ ಹೊಲಿಗೆ ಮಾಡುವ ಅಕ್ಕನಿಗೆ ಚಿಕ್ಕಂದಿನಿಂದ ಬೆನ್ನು ಸೊಟ್ಟ. ನಲವತ್ತು ದಾಟಿದ ಮೇಲೆ ನೋವು ಹೆಚ್ಚಾಗಿ, ಮಷಿನ್ ಮುಂದೆ ಕೂಡುವುದೇ ಆಗದಾಯಿತು. ಮೂರು ವರ್ಷದ ಹಿಂದೆ ಆಪರೇಷನ್ ಮಾಡಿಸಿದೆವು. ಬೆನ್ನೇನೋ ನೆಟ್ಟಗಾಯಿತು, ಎಡಪಾದ ಮಾತ್ರ ಮೇಲೇಳಲೊಲ್ಲದು. ಹೀಗೂ ಆಗಬಹುದೆಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು.

"ಬೆನ್ನು ನೆಟ್ಟಗ ಮಾಡುವಾಗ ನರ ಜಗ್ಗೇತ್ರಿ. ಸುಧಾರಿಸಬಹುದು, ಇಲ್ಲಾ ಹಿಂಗ ಉಳೀಬಹುದು. ಕಾಯೂಣು," ಎಂದರು.

ಕಾಯುವುದು ನನ್ನ ಜಾಯಮಾನವಲ್ಲ. ಗಂಟೆಗೊಮ್ಮೆ ಹಾಸಿಗೆಯ ಬಳಿ ನಿಂತು, "ಅಕ್ಕಾ, ಬೆರಳ ಅಳ್ಳಾಡಸು" ಎನ್ನುತ್ತಿದ್ದೆ. ಐದನೇ ದಿನ ಹೊದಿಕೆಯ ಕೆಳಗೆ ಎಡ ಹೆಬ್ಬೆರಳು ಕುಣಿಯಿತು! ಓಡಿ ಹೋಗಿ ಎರಡು ಕಿಲೋ ಕುಂದಾ ತಂದೆ. ನರ್ಸುಗಳಿಗೆ, ಬಾಜು ಹಾಸಿಗೆಯ, ಎಲ್ಲರೂ ಮಾವಶಿ ಎನ್ನುವ ಖಾನಾಪುರದ ಮರಾಠಿ ಹೆಂಗಸಿಗೆ, ಕೊನೆಗೆ ಡಾಕ್ಟರಿಗೂ ಕೊಟ್ಟೆ. ಅವರು ಹೊದಿಕೆ ಸರಿಸಿದರು. ಬಲಗಾಲಿನ ಬೆರಳು ಎಡಗಾಲಿನ ಬೆರಳನ್ನು ಕೆಳಗಿನಿಂದ ನೂಕುತ್ತಿತ್ತು.

"ಏನ್ ಮಾಡ್ಲೋ ತಮ್ಮಾ, ನಿನ್ನ ಮಾರಿ ನೋಡಾಕ ಆಗವಲ್ದಾಗಿತ್ತು," ಎಂದಳು ಅಕ್ಕ. ಮರುಕ್ಷಣವೇ ಅಳು. "ಕಾಲ ಹೋತಂದ್ರ ಮಷಿನ್ ಹೆಂಗ ತುಳೀಲಿ?"

ನಾನೂ ಅತ್ತೆ. ಮಾವಶಿಯೊಬ್ಬಳೇ ಕುಂದಾ ಚಪ್ಪರಿಸುತ್ತ, "ರಡೂ ನಕೋ ಗ, ಅಳಬ್ಯಾಡ. ಮುಂಚೇನ ತಿಂದೀವಿ, ಇನ್ನ ಕಾಲ ಬರಲೇಬೇಕು!" ಎಂದಳು.

ಪಾದಕ್ಕೆ ಪಟ್ಟಿ ಕಟ್ಟಿಕೊಂಡು, ಗೋಡೆ ಹಿಡಿದು, ವ್ಯಾಯಾಮ ಮಾಡುತ್ತ ಅಕ್ಕ ನಾಲ್ಕು ತಿಂಗಳು ಕಳೆದಳು. ನನಗೋ ಆಸೆಯೇ ಬತ್ತಿಹೋಗಿತ್ತು. ಒಂದು ಮುಂಜಾನೆ ಒಳಗಿಂದ ಕೂಗು: "ತಮ್ಮಾ, ಓಡಿ ಬಾ!"

ಮಷಿನ್ ಗಾಲಿ ಗರಗರ ತಿರುಗುತ್ತಿತ್ತು. ಅಕ್ಕ ಬಲಗಾಲನ್ನು ನನ್ನ ಮುಂದೆ ಚಾಚಿ, "ನೋಡಲೇ, ಈ ಸಲ ಮೋಸ ಇಲ್ಲ!" ಎಂದಳು. ತುಳಿಯುತ್ತಿದ್ದದ್ದು ಎಡಗಾಲು! ನಾನು ನೆಲದ ಮೇಲೇ ಕುಳಿತು, ಏಳುತ್ತ ಇಳಿಯುತ್ತಿದ್ದ ಆ ಪಾದವನ್ನು ಕಣ್ತುಂಬ ನೋಡಿದೆ. ಅಯ್ಯೋ, ಆ ಖುಷಿ ಹೇಗೆ ಹೇಳಲಿ!

ಈಗಲೂ ದಣಿದಾಗ ಆ ಪಾದ ತುಸು ಎಡವುತ್ತದೆ. ಅದಕ್ಕೇ ಆಕೆಯ ಹಿಂದೆ ನಡೆಯುವಾಗ ನನ್ನ ಕಣ್ಣು ಅಲ್ಲೇ. ಇವತ್ತೂ ಬೈಸಿಕೊಂಡೆ: "ನನ್ನ ಕಾಲೇನ್ ನೋಡ್ತಿ? ಲಗೂನ ಬಾ, ಬಸ್ ಹೋಗತೈತಿ!"

ಹಾಗೆಂದವಳೇ ದಾಪುಗಾಲು ಹಾಕಿದಳು. ನಾನು ಮೈಮರೆತು ನೋಡುತ್ತ ನಿಂತೆ. ಬಸ್ಸು ಅಕ್ಕನನ್ನು ಹತ್ತಿಸಿಕೊಂಡು, ನನ್ನನ್ನು ಬಿಟ್ಟು ಹೊರಟೇಹೋಯಿತು.