ಇಂಗುಗುಂಡಿಯ ನೊರೆ

ನಮ್ಮ ಓನರ್ ಅಂಕಲ್ ಬಾಯಲ್ಲಿ ‘ಹಿಂಗೆ’ ಎನ್ನುವುದೂ ‘ಇಂಗು’ ಎನ್ನುವುದೂ ಹೆಚ್ಚುಕಡಿಮೆ ಒಂದೇ ಥರ ಕೇಳುತ್ತವೆ. ಕುಂದಲಹಳ್ಳಿಯ ಅವರ ಮನೆಯ ಕೆಳಮಹಡಿಗೆ ನಾನೂ ಅಮ್ಮನೂ ಬಾಡಿಗೆಗೆ ಬಂದ ವಾರವೇ ಡೈರಿಯಲ್ಲಿ ಇದನ್ನು ಬರೆದಿಟ್ಟಿದ್ದೆ. ಯುಗಾದಿಯ ಮಾರನೆಯ ದಿನ ಅವರು ಬೋರ್‌ವೆಲ್ ಪಕ್ಕದಲ್ಲೇ ಗುಂಡಿ ತೋಡಿಸಿ, ಜಲ್ಲಿ, ಮರಳು ತುಂಬಿಸಿ, ತಾರಸಿಯ ಪೈಪನ್ನು ಅದಕ್ಕೆ ಇಳಿಸಿದರು. “ಮಳೆ ನೀರು ಇಂಗೆ ಬಂದು ಇಂಗೆ ಇಂಗ್ಬೇಕು ನೋಡಮ್ಮ” ಎಂದರು. ಮೂರರಲ್ಲಿ ಇಂಗುವುದು ಯಾವುದೆಂದು ಹೊಳೆಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

ಬೇಸಿಗೆಯಲ್ಲೂ ನೀರು ಕೊಡುವ ಬೋರ್ ಆ ರಸ್ತೆಯಲ್ಲಿ ನಮ್ಮದೊಂದೇ. ಹಿಂದಿನ ಮನೆಗಳನ್ನೆಲ್ಲ ನಾವು ನೀರಿಲ್ಲದೆಯೇ ಬಿಟ್ಟದ್ದು. ಇದೂ ಕೈಕೊಟ್ಟರೆ ಮತ್ತೆ ಗಂಟುಮೂಟೆ ಕಟ್ಟಬೇಕೆಂಬುದು ಅಮ್ಮನ ಭಯ. ಅವಳು ಈ ಮನೆಗೆ ಒಪ್ಪಿದ್ದು ಗೇಟಿನಿಂದ ಬಾಗಿಲವರೆಗಿನ ಮಣ್ಣು ನೋಡಿ. ಅಲ್ಲಿ ಕನಕಾಂಬರ, ದಾಸವಾಳ, ದೊಡ್ಡಪತ್ರೆ ಹಾಕಿ, ಅಕ್ಕಿ ತೊಳೆದ ನೀರಲ್ಲೇ ಬೆಳೆಸಿದ್ದಳು.

ಅಷ್ಟರಲ್ಲಿ ಅಂಕಲ್ ಬ್ರೂಕ್‌ಫೀಲ್ಡಿನಲ್ಲಿ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೋಗಿ, ಊಟದ ಜೊತೆಗೆ ಲಾನ್ ನೋಡಿಕೊಂಡು ಬಂದರು. ಅಮ್ಮನ ಗಿಡಗಳು ಪೇಂಟ್ ಬಕೆಟ್ಟುಗಳಿಗೆ ವರ್ಗವಾದವು. ಹುಲ್ಲು ಚಾಪೆಯಂತೆ ಸುತ್ತಿಕೊಂಡು ಗೂಡ್ಸ್ ಆಟೋದಲ್ಲಿ ಬಂತು. ಅದರ ಮೇಲೆ ಯಾರೂ ಕಾಲಿಡಬಾರದು, ಓನರ್ ಕೂಡ. ಸಂಜೆ ಅವರು ಸಿಮೆಂಟಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಟಿ.ವಿ. ನೋಡುವಂತೆ ಲಾನ್ ನೋಡುತ್ತಿದ್ದರು. ಎರಡು ಹೊತ್ತೂ ಪೈಪು, ವಾರಕ್ಕೊಮ್ಮೆ ಯೂರಿಯಾ. ಅವರು ಪೈಪು ಬಿಟ್ಟು ಮರೆತಾಗಲೆಲ್ಲ ನಾನು ಡೈರಿಯಲ್ಲಿ ಒಂದು ಗೀಟು ಎಳೆಯುತ್ತಿದ್ದೆ. ಮೇ ತಿಂಗಳ ಪುಟ ಬೇಲಿಯಂತೆ ಕಾಣುತ್ತದೆ.

ಹಾಗಂತ ಅವರಿಗೆ ನೀರಿನ ಬೆಲೆ ಗೊತ್ತಿಲ್ಲವೆನ್ನುವಂತಿಲ್ಲ. ಒಂದು ಹನಿಯೂ ಗೇಟು ದಾಟಬಾರದೆಂದು ಕಾರು ತೊಳೆದ ನೀರನ್ನೂ ವಾಷಿಂಗ್ ಮೆಷಿನ್ನಿನ ನೀರನ್ನೂ ಇಂಗುಗುಂಡಿಗೇ ತಿರುಗಿಸಿದರು. ಸೋಪಿನ ನೀರು ಬೋರಿಗೆ ಇಳಿಯುತ್ತದೆ ಅಂಕಲ್, ಎಂದೆ.

“ಮಣ್ಣು ಸೋಸ್ಕೊಳ್ತೈತೆ. ನಮ್ಮಪ್ಪ ಇದೇ ಜಾಗ್ದಲ್ಲಿ ರಾಗಿ ಬೆಳೆದೋನು.”

“ನಿಮ್ಮಪ್ಪ ಕಾರ್ ತೊಳೀತಿರ್ಲಿಲ್ವಲ್ಲ.”

“ಎತ್ತು ತೊಳೀತಿದ್ದ.”

“ಶಾಂಪೂ ಹಾಕಿನಾ ಅಂಕಲ್?”

ಅವರು ಲಾನ್ ಕಡೆ ತಿರುಗಿ ಕೂತರು.

ಆಷಾಢದಲ್ಲಿ ನಮ್ಮ ನಲ್ಲಿ ನೀರು ಬಕೆಟ್ಟಿಗೆ ಬೀಳುವಾಗ ನೊರೆ ಕಟ್ಟಲು ಶುರುವಾಯಿತು. ನಾನು ದಿನಾ ಒಂದು ಬಾಟಲಿಯಲ್ಲಿ ನೀರು ತುಂಬಿ ಕುಲುಕಿ, ನೊರೆ ಎಷ್ಟೆತ್ತರ ಬಂತೆಂದು ಗುರುತು ಹಾಕಿಕೊಂಡೆ. ಅಮ್ಮ ಪ್ರತಿ ಬೆಳಿಗ್ಗೆ ಆ ಗುರುತು ನೋಡಿಯೇ ಒಳಗೆ ಹೋಗುತ್ತಿದ್ದಳು. ಮೇಲೆ ಬಾಡಿಗೆಗಿದ್ದ ಹುಡುಗ ಸೋಪಿನ ಖರ್ಚು ಉಳಿಯಿತು ಎಂದ. ನೀರಿನ ಪ್ರೆಶರ್ ಜಾಸ್ತಿಯಾಗಿ ಹಾಗೆ ಎಂಬುದು ಓನರ್ ವಿವರಣೆ.

ವರಮಹಾಲಕ್ಷ್ಮಿ ಹಬ್ಬದ ಬೆಳಿಗ್ಗೆ ಓನರ್ ಆಂಟಿ ಕಲಶಕ್ಕೆ ನೀರು ತುಂಬಿದರು. ಮಾವಿನೆಲೆಗಳ ಸಂದಿಯಿಂದ ನೊರೆ ಮೇಲೆದ್ದಿತು. ಕ್ಯಾನ್ ನೀರು ದೇವರಿಗಾಗದು, ಅದು ಯಾರ್ಯಾರ ಕೈ ದಾಟಿ ಬಂದಿರುತ್ತದೋ. ಚೊಂಬು ಹಿಡಿದು ನಮ್ಮ ಬಾಗಿಲಿಗೆ ಇಳಿದು ಬಂದರು. ಅಮ್ಮ ನಮ್ಮ ಬಕೆಟ್ಟು ತೋರಿಸಿದಳು, ಅದೇ ನೊರೆ. ಹಿಂದಿನ ಸಂಜೆ ಸುರಿದ ಮಳೆಗೆ ಅಮ್ಮ ಗಿಡಕ್ಕೆಂದು ಅಂಗಳದಲ್ಲಿ ಬಿಂದಿಗೆ ಇಟ್ಟಿದ್ದಳು, ಕೊನೆಗೆ ಕಲಶಕ್ಕೆ ಒದಗಿದ್ದು ಅದು. ಆಂಟಿ ಚೊಂಬು ತುಂಬಿಕೊಂಡು, ರೇಷ್ಮೆ ಪಂಚೆ ಉಟ್ಟು ನಿಂತಿದ್ದ ಗಂಡನಿಗೆ ಮೆಟ್ಟಿಲಲ್ಲೇ ಹೇಳಿದರು:

“ಲಕ್ಷ್ಮೀನ ಕರೆದಿರೋದು ಕೂರ್ಸೋಕೆ ಕಣ್ರೀ, ಬಟ್ಟೆ ಒಗೆಸೋಕಲ್ಲ.”

ನನ್ನ ಬಾಟಲಿ ಒಂದು ತಿಂಗಳಲ್ಲಿ ಮಾಡಲಾಗದ್ದನ್ನು ಆ ಮಾತು ಮಾಡಿತು. ಪೂಜೆ ಮುಗಿಯುವ ಮೊದಲೇ ಅಂಕಲ್ ಪಂಚೆ ಎತ್ತಿ ಕಟ್ಟಿ ಎರಡೂ ಪೈಪು ಕಿತ್ತರು. ಮೆಷಿನ್ ನೀರು ಒಳಚರಂಡಿಗೆ ಹೋಯಿತು, ಕಾರಿಗೆ ಅರ್ಧ ಬಕೆಟ್ಟು ನೀರು, ಒದ್ದೆ ಬಟ್ಟೆ ಬಂತು. ಗುಂಡಿಯ ಜಲ್ಲಿ, ಮರಳು ತೆಗೆಸಿ ಹೊಸದು ತುಂಬಿಸಿದರು. ತಾರಸಿಯ ಮಳೆ ನೀರು ಮಾತ್ರ ಅದಕ್ಕೆ. ಬೋರ್ ನೀರು ಉಳಿಸಲು ಹುಲ್ಲಿನ ಪೈಪನ್ನೂ ನಿಲ್ಲಿಸಿದ ಮೇಲೆ ಲಾನ್ ಹಳದಿಯಾಯಿತು. ಸ್ವಲ್ಪ ದಿನ ಅದು ರೆಸ್ಟ್ ಮಾಡುತ್ತಿದೆ ಎಂದರು. ಆಮೇಲೆ ಅದು ದೇವಿಗೇ ಇಷ್ಟವಿರಲಿಲ್ಲ ಎಂದು ರಸ್ತೆಗೆಲ್ಲ ಹೇಳಿ, ಗೇಟಿಗೆ ‘ಜಲಸ್ನೇಹಿ ಮನೆ’ ಎಂದು ಬೋರ್ಡು ಹಾಕಿಸಿದರು. ಈಗ ಸಂಜೆ ಆ ಬೋರ್ಡನ್ನು ನೋಡುತ್ತಾ ಕೂರುತ್ತಾರೆ.

ಹುಲ್ಲು ಕಿತ್ತ ಜಾಗಕ್ಕೆ ಅಮ್ಮನ ಗಿಡಗಳು ಬಕೆಟ್ಟುಗಳಿಂದ ಇಳಿದವು. ರಸ್ತೆ ಬದಿ ಗುಡಿಸಿ ಸುಡುತ್ತಿದ್ದ ಒಣ ಎಲೆಗಳನ್ನು ತಂದು ಅವಳು ಬುಡಕ್ಕೆ ಹೊದಿಸಿದಳು. ತೇವ ಆರುವುದಿಲ್ಲ, ನೀರೂ ಅಷ್ಟಾಗಿ ಬೇಡ. ನೊರೆ ಒಮ್ಮೆಗೇ ಹೋಗಲಿಲ್ಲ. ಮಳೆ ಜೋರಾದ ವಾರ ಇಳಿಯಿತು, ಬಿಸಿಲು ಬಂದಾಗ ಮತ್ತೆ ಕಂಡಿತು. ದೀಪಾವಳಿಗೆ ಮುಂಚಿನ ಶುಕ್ರವಾರ ಬಾಟಲಿ ಕುಲುಕಿದರೆ ನಾಲ್ಕು ಗುಳ್ಳೆ ಎದ್ದು ಒಡೆದವು, ಅಷ್ಟೇ. ಆಂಟಿ ಆ ದಿನ ನಲ್ಲಿಯಿಂದಲೇ ಚೊಂಬು ತುಂಬಿಕೊಂಡರು.

ಮಾರನೆಯ ದಿನ ಅಮ್ಮ ಕರಿಬೇವಿನ ಸಸಿ ತಂದಳು. ಬಾಡಿಗೆ ಮನೆಯಲ್ಲಿ ಮರವಾಗುವ ಗಿಡವನ್ನು ಅವಳು ನೆಟ್ಟದ್ದು ಅದೇ ಮೊದಲು. ಅಂಕಲ್ ಕುರ್ಚಿಯಿಂದಲೇ, ದೊಡ್ಡದಾದ ಮೇಲೆ ನಮ್ಗೂ ಎರಡು ಕಡ್ಡಿ ಕೊಡಮ್ಮ, ಎಂದರು.