ಮುಳ್ಳು ಬಿಡಿಸಿದ ಮೀನು

ಕಡಲ ದಂಡೆಯ ಊರಲ್ಲಿ ಹುಟ್ಟಿಯೂ ವಿನಯಾಳಿಗೆ ಮೀನಿನ ಮುಳ್ಳು ಬಿಡಿಸಲು ಬರುತ್ತಿರಲಿಲ್ಲ ಎಂದರೆ ಯಾರೂ ನಂಬುವುದಿಲ್ಲ. ನಂಬಬೇಕು. ಕುಂಭಾಶಿಯ ಮನೆಯಲ್ಲಿ ಅವಳ ಅಬ್ಬಿ ರತ್ನ, ಮಗಳಿಗೆ ಮದುವೆಯಾಗುವವರೆಗೂ ಮುಳ್ಳು ತೆಗೆದು ತೆಗೆದು ಮೀನನ್ನು ತಟ್ಟೆಯ ಅಂಚಿಗೆ ಇಟ್ಟುಕೊಟ್ಟವಳು. ಗಂಡನ ಮನೆಯಲ್ಲಿ ಮೊದಲ ದಿನ ಬೈಗೆ ಎಂಬ ಮೀನಿನ ಸಾರು ಬಡಿಸಿದರೆ ವಿನಯಾ ಬರೀ ರಸ ಕಲಸಿ ಉಂಡು ಎದ್ದಳು. ಸೊಸೆಗೆ ಮೀನು ಸೇರುವುದಿಲ್ಲವೆಂದು ಅವರು ತೀರ್ಮಾನಿಸಿಬಿಟ್ಟರು. ಪಾಪ, ಮೀನೆಂದರೆ ಜೀವ ಬಿಡುವವಳು ಅವಳು.

ಈಗ ಗಂಡ ಪ್ರವೀಣ್ ಮುಂಬೈಯ ಹೋಟೆಲೊಂದರಲ್ಲಿದ್ದಾನೆ. ವಿನಯಾ ಬೈಂದೂರಿನಲ್ಲಿ ಬಾಡಿಗೆ ಮನೆ ಹಿಡಿದು, ಮುಂದಿನ ಕೋಣೆಯಲ್ಲೇ ಬಳೆ, ರಿಬ್ಬನ್ನಿನ ಅಂಗಡಿ ಇಟ್ಟಿದ್ದಾಳೆ. ಜೊತೆಗೆ ಎರಡನೇ ಕ್ಲಾಸಿನ ಮಗಳು ಪ್ರಣೀತಾ. ಅಬ್ಬಿಯಿಂದ ಸ್ವಲ್ಪ ದೂರ ಇರಲಿ ಎಂದೇ ಇಲ್ಲಿಗೆ ಬಂದದ್ದು. ಎಲ್ಲಿಯ ದೂರ! ರತ್ನ ಬೆಳಗಿನ ಬಸ್ಸಿಗೇ ಬಂದು ಇಳಿಯುತ್ತಿದ್ದಳು. ಮೊಮ್ಮಗಳನ್ನು ಮೀಯಿಸುವುದು ಅವಳು, ಜಡೆ ಹಾಕುವುದು ಅವಳು, ಮಧ್ಯಾಹ್ನ ಶಾಲೆಯಿಂದ ಕರೆತಂದು ಮುಳ್ಳು ತೆಗೆದ ಮೀನಿನಲ್ಲಿ ಅನ್ನ ಕಲಸಿ ಬಾಯಿಗಿಡುವುದೂ ಅವಳೇ. ವಿನಯಾ ಬಾಯಿ ತೆರೆದರೆ, “ನಿಂಗೆಂತ ಗೊತ್ತಿತ್ತ್? ನೀ ಅಂಗ್ಡಿ ಕಾಣ್” ಎಂದು ಮುಗಿಸಿಬಿಡುತ್ತಿದ್ದಳು. ತನ್ನ ಮನೆಗೆ ತಾನೇ ನೆಂಟಳಾದಂತೆ ವಿನಯಾ ಅಂಗಡಿಯಲ್ಲಿ ಕೂತಿರುತ್ತಿದ್ದಳು.

ಒಂದು ದಿನ ರತ್ನಳಿಗೆ ಜ್ವರ ಬಂತು. ಪ್ರಣೀತಾ ಶಾಲೆಯ ಬಿಸಿಯೂಟಕ್ಕೆ ಕೂತಳು. ಸಂಜೆ ಟೀಚರ್ ಅಂಗಡಿಯವರೆಗೆ ಬಂದರು.

“ಎಲ್ರೂ ಉಂಡ್ ಎದ್ರೂ ಇದ್ ತಟ್ಟಿ ಮುಟ್ಲಿಲ್ಲ ಕಾಣಿ. ಕೇಂಡ್ರೆ, ಅಮ್ಮಮ್ಮ ಬರ್ಲಿಲ್ಲ ಅಂತ್” ಎಂದರು.

ವಿನಯಾಳಿಗೆ ತನ್ನಂಥವಳೇ ಇನ್ನೊಬ್ಬಳು ಇಲ್ಲಿ ತಯಾರಾಗುತ್ತಿದ್ದಾಳೆ ಅನಿಸಿತು.

ಜ್ವರ ಬಿಟ್ಟು ರತ್ನ ಬಂದ ದಿನ ವಿನಯಾ ಬಾಗಿಲಲ್ಲೇ ಹೇಳಿದಳು. “ಅಬ್ಬಿ, ಇನ್ ನೀ ದಿನಾ ಬಪ್ದ್ ಬೇಡ. ನನ್ನ್ ಹೆಣ್ಣನ್ನ ನಾ ಕಾಣ್ಕಂತೆ.”

ಚಪ್ಪಲಿ ಬಿಟ್ಟಿದ್ದ ರತ್ನ ಅದನ್ನು ಮತ್ತೆ ಮೆಟ್ಟಿಕೊಂಡಳು. “ಮತ್ತೆ ಯಾವಾಗ ಬಪ್ದ್?”

“ಕರ್ದಾಗ ಬಾ.”

ತಂದ ಬುತ್ತಿಯನ್ನು ಜಗಲಿಯಲ್ಲಿಟ್ಟು ಹೋದವಳು ಆಮೇಲೆ ಒಂದು ಫೋನನ್ನೂ ಮಾಡಲಿಲ್ಲ. ಅವಳ ಹಠ ಗೊತ್ತಲ್ಲ, ವಿನಯಾಳಿಗೆ ಬಂದದ್ದೂ ಅಲ್ಲಿಂದಲೇ. “ಅತ್ತಿ ಬಂದ್ರೆ ನಿಂಗ್ ಕೆಲ್ಸ ಕಡ್ಮಿ ಅಲ್ದಾ?” ಎಂದು ಪ್ರವೀಣ್ ಫೋನಿನಲ್ಲಿ ಹೇಳಿದ. ಅವನದೇನು ಹೋಗುತ್ತದೆ, ದೂರ ಕೂತು ಹೇಳುವುದು. ಬೈಯುವವರಿಲ್ಲದ ಮನೆ ಇಷ್ಟು ಬಿಕೋ ಎನ್ನುತ್ತದೆಂದು ವಿನಯಾಳಿಗೆ ಗೊತ್ತಿರಲಿಲ್ಲ. ಬೆಳಗಿನ ಬಸ್ಸಿನ ಸದ್ದಿಗೆ ಮಗು ಬಾಗಿಲ ಕಡೆ ನೋಡುತ್ತಿತ್ತು. ವಿನಯಾಳೂ ನೋಡುತ್ತಿದ್ದಳು.

ಒಂದು ಭಾನುವಾರ ಹಠಕ್ಕೆ ಬಿದ್ದು ಬೈಗೆಯನ್ನೇ ತಂದಳು, ಮೈತುಂಬ ಮುಳ್ಳಿನ ಮೀನು. “ಮುಳ್ ತೆಗ್ದ್ ಕೊಡ್” ಎಂದಳು ಪ್ರಣೀತಾ.

“ನಂಗೂ ಬತ್ತಿಲ್ಲ ಮಗಾ. ಇಬ್ರೂ ಕಲ್ಯುವ.”

ಮಗು ಅಮ್ಮಮ್ಮನ ಬೆರಳನ್ನು ದಿನಾ ನೋಡಿದ್ದು ವ್ಯರ್ಥವಾಗಲಿಲ್ಲ. ಬೆನ್ನು ಒತ್ತಿ, ನಡುಮುಳ್ಳನ್ನು ಬಾಲದಿಂದ ಎತ್ತಲು ನೋಡಿತು. ಮುಳ್ಳು ಸಿಕ್ಕಿಕೊಂಡದ್ದು ವಿನಯಾಳ ಗಂಟಲಲ್ಲಿ. ಪ್ರಣೀತಾ ಬರೀ ಅನ್ನದ ಉಂಡೆ ಮಾಡಿ ಅವಳ ಬಾಯಿಗೆ ತುರುಕಿದಳು. “ಜಗಿಬೇಡ, ಸೀದಾ ನುಂಗ್.” ಥೇಟ್ ರತ್ನಳ ಧಾಟಿ. ಮುಳ್ಳು ಇಳಿಯಿತು. ಆಗ ವಿನಯಾಳಿಗೆ ಅಬ್ಬಿ ಬೇಕೆನಿಸಿ ಅಳು ಬಂತು.

ಆದರೂ ಕರೆಯಲಿಲ್ಲ. ಮಗು ಇಡೀ ಮೀನು ತಾನೇ ಬಿಡಿಸಿ ತಿಂದ ದಿನ ಫೋನ್ ಮಾಡಿದಳು. “ಅಬ್ಬಿ, ಈಗ ಹೆಣ್ಣ್ ತಾನೇ ಮುಳ್ ತೆಗಿತ್ತ್.”

“ಹಂಗಾರೆ ನಾ ಎಂತಕ್ಕೆ ಬಪ್ದ್?”

“ಉಂಬುಕೆ ಬಾ.”

ಮುಂದಿನ ಭಾನುವಾರ ರತ್ನ ಬಂದಳು, ಬರಿಗೈಯಲ್ಲಿ. ಮೂವರೂ ಕೂತರು. ಅವಳ ಕೈ ಮೊಮ್ಮಗಳ ತಟ್ಟೆಯ ತನಕ ಹೋಗಿ, ಹಿಂದೆ ಬಂತು. ಸುಮ್ಮನಿರಲಾಗದೆ ತನ್ನ ಮೀನನ್ನೇ ಬಿಡಿಸತೊಡಗಿದಳು. ಒಂದು ಮುಳ್ಳೂ ಇಲ್ಲದ ಹಾಗೆ ತೆಗೆದು, ಆ ಮೀನನ್ನು ಅಭ್ಯಾಸಬಲದಿಂದ ತಟ್ಟೆಯ ಅಂಚಿಗೆ ಕೂಡಿಟ್ಟಳು. ಪ್ರಣೀತಾ ತಲೆ ಎತ್ತಲಿಲ್ಲ, ಅವಳಿಗೆ ತನ್ನ ಮೀನಿನದೇ ಕೆಲಸ.

ವಿನಯಾಳಿಗೆ ಆಸೆಯಾಯಿತು. ತಟ್ಟೆ ಸ್ವಲ್ಪ ಮುಂದೆ ಸರಿಸಿದ್ದರೆ ಸಾಕಿತ್ತು, ಅಬ್ಬಿ ಹಾಕಿಬಿಡುತ್ತಿದ್ದಳು. ಮಗು ಎದುರಿಗಿತ್ತು. ಅವಳು ಸರಿಸಲಿಲ್ಲ.

ಸ್ವಲ್ಪ ಹೊತ್ತು ಕಾದು, ರತ್ನ ಅದನ್ನು ತಾನೇ ತಿಂದಳು.